ಮಗುವಿನ ಪರ ವಾದಿಸುವುದನ್ನು ಎಲ್ಲಿ ಕಲಿಯಬೇಕು?

ಮಕ್ಕಳ ಕೋರ್ಟಿಗೆ ವಕೀಲರೇಕೆ, ನ್ಯಾಯಾಧೀಶರೇ ತಂದೆಯಂತೆ ನೋಡಿಕೊಳ್ಳುತ್ತಾರಲ್ಲ ಎಂಬ ನಂಬಿಕೆ ದಶಕಗಟ್ಟಲೆ ನಡೆಯಿತು. ಅಮೆರಿಕದಲ್ಲಿ, ಅಪರಾಧದ ಆರೋಪ ಹೊತ್ತ ಮಗುವಿಗೂ ವಕೀಲರ ಹಕ್ಕಿದೆ ಎಂದ 1967ರ ಗಾಲ್ಟ್ ತೀರ್ಪು ಅದನ್ನು ಮುರಿಯಿತು. ಮುಂದೆ ಅಲ್ಲಿನ ಲಾ ಕಾಲೇಜುಗಳ ಕ್ಲಿನಿಕ್‌ಗಳಲ್ಲಿ, ಅಂದರೆ ನಿಜವಾದ ಕೇಸುಗಳಿಗೆ ನೆರವಾಗುತ್ತಾ ಕಲಿಯುವ ಕೇಂದ್ರಗಳಲ್ಲಿ, ಹಿರಿಯ ವಕೀಲರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳೇ ಮಕ್ಕಳ ಪರ ನಿಂತರು. ನಮ್ಮಲ್ಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆದಾಯ ನೋಡದೆ ಮಕ್ಕಳಿಗೆ ಉಚಿತ ಕಾನೂನು ನೆರವು ಕೊಟ್ಟಿತು; 2015ರ ಬಾಲನ್ಯಾಯ ಕಾಯ್ದೆ ಆ ನೆರವು ಸಿಗುವಂತೆ ನೋಡುವ ಹೊಣೆಯನ್ನು, ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಗೇ ಹೊರಿಸಿತು. ಆ ವಕೀಲರನ್ನು ತಯಾರು ಮಾಡುವ ಹೊಣೆ ಮಾತ್ರ ಯಾರ ಹೆಗಲಿಗೂ ಸರಿಯಾಗಿ ಏರಲಿಲ್ಲ.

1961ರ ವಕೀಲರ ಕಾಯ್ದೆಯ ಪ್ರಕಾರ ಸನ್ನದು (ವಕೀಲಿಕೆಯ ಪರವಾನಗಿ) ಇಲ್ಲದವರು ವಕಾಲತ್ತು ವಹಿಸುವಂತಿಲ್ಲ; ಹಾಗಾಗಿ ಇಲ್ಲಿನ ವಿದ್ಯಾರ್ಥಿ ಮಗುವಿನ ಪರ ನಿಲ್ಲಲಾರ. ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮಗಳು ಕಾನೂನು ನೆರವು ಕ್ಲಿನಿಕ್ ಕಡ್ಡಾಯ ಮಾಡಿ, ಅಣಕು ನ್ಯಾಯಾಲಯಕ್ಕೆ 30, ಎರಡು ವಿಚಾರಣೆಗಳನ್ನು ನೋಡಿ ಬರೆಯುವುದಕ್ಕೆ 30 ಅಂಕ ಇಟ್ಟಿವೆ. ಆದರೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಮಂಡಳಿಯ ಮುಂದೆಯೂ ಸಂಬಂಧವಿಲ್ಲದವರು ಕೂರುವಂತಿಲ್ಲ. ಮಗುವಿನ ಗುಟ್ಟು ಕಾಯುವ ನಿಯಮ, ಸರಿಯೇ. ವಿದ್ಯಾರ್ಥಿ ಮಾತ್ರ ದೊಡ್ಡವರ ಕೇಸುಗಳನ್ನಷ್ಟೇ ನೋಡಿ ಅಂಕ ಪಡೆದು ಹೊರಬರುತ್ತಾನೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ 1990ರ ದಶಕದಲ್ಲೇ ಮಗು ಮತ್ತು ಕಾನೂನಿಗೆಂದೇ ಒಂದು ಕೇಂದ್ರ ತೆರೆಯಿತು. ಅಂಥ ಆಸರೆ ಇಲ್ಲದ ಕಾಲೇಜಿನಲ್ಲೂ ಕಲಿಸಬಹುದಾದದ್ದು ಬಹಳವಿದೆ. ಮೊದಲ ಪಾಠ ವಯಸ್ಸು. ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ಈ ಕ್ರಮ ತಪ್ಪಿದರೆ ಹದಿನೇಳರ ಹುಡುಗ ದೊಡ್ಡವರ ಜೈಲು ಸೇರಬಹುದು.

ಎರಡನೆಯದು ಮಾತುಕತೆ. ಅಪ್ಪ ಬಾಯಿ ತೆರೆದರೆ ಮಗು ಮುಚ್ಚುತ್ತದೆ. ಹಾಗಾಗಿ ಹೆತ್ತವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು. ‘ಅರ್ಥ ಆಯ್ತಾ?’ ಎಂದರೆ ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ. ‘ನಾಳೆ ಅಲ್ಲಿ ಏನು ನಡೆಯುತ್ತೆ, ನೀನೇ ಹೇಳು’ ಎಂದಾಗ ತಿಳಿಯದ್ದು ಹೊರಬರುತ್ತದೆ. ಬೇಗ ಮನೆಗೆ ಹೋಗುವ ಆಸೆಗೆ ಮಾಡದ್ದನ್ನೂ ಒಪ್ಪಿಕೊಳ್ಳುವ ಹುಡುಗರಿದ್ದಾರೆ. ಪೋಕ್ಸೊ ಕೇಸಿನಲ್ಲಿ ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವಿಗೆ ಹೋಗಬೇಕು; ಒಂದು ವಾಕ್ಯಕ್ಕೆ ಒಂದೇ ಸಂಗತಿ ಬರೆಯುವ ಅಭ್ಯಾಸ ತರಗತಿಯಲ್ಲೇ ಆಗಬೇಕು.

ಸಮಯದ ಲೆಕ್ಕವೂ ಕೂಡುವುದಿಲ್ಲ. ಮಂಡಳಿಯ ವಿಚಾರಣೆಗೆ ನಾಲ್ಕು ತಿಂಗಳ ಗಡುವು, ಬೇಕಾದರೆ ಇನ್ನೆರಡು. ಬಾರ್ ಕೌನ್ಸಿಲ್ ನಿಯಮದಲ್ಲಿ ವರ್ಷಕ್ಕೆ ಸತತ ಇಂಟರ್ನ್‌ಶಿಪ್ ನಾಲ್ಕು ವಾರ ಮೀರುವಂತಿಲ್ಲ. ಹೀಗಾಗಿ ಒಂದು ಮಗುವಿನ ಕೇಸನ್ನು ಹಾಜರುಪಡಿಸಿದ ದಿನದಿಂದ ಕೊನೆಯ ಆದೇಶದವರೆಗೆ ಹಿಂಬಾಲಿಸಬೇಕೆಂದರೆ, ವಿದ್ಯಾರ್ಥಿಗೆ ಉಳಿದಿರುವುದು ಕಾಲೇಜಿನ ಕ್ಲಿನಿಕ್ ಒಂದೇ.