ಕುಮಾರ ಪರ್ವತ ಆಯ್ತು, ಇನ್ನು ನೇರ 6,000 ಮೀಟರಿಗೆ ಹೋಗಬಹುದಾ?

ಪ್ರಶ್ನೆ: ನಾನು ಮಂಗಳೂರಿನವ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ, ಕುದುರೆಮುಖವೂ ಆಗಿದೆ. ದಿನಾ ಜಿಮ್‌ಗೆ ಹೋಗುತ್ತೇನೆ. ಜುಲೈಯಲ್ಲಿ ಒಂದು ವಾರ ರಜೆ ಇದೆ. ಲಡಾಖ್‌ನ ಯಾವುದಾದರೂ 6,000 ಮೀಟರ್ ಶಿಖರ ಹತ್ತಬಹುದಾ? ಇಷ್ಟು ಸ್ಟ್ಯಾಮಿನಾ ಇರುವವರಿಗೆ ಎತ್ತರದ ತೊಂದರೆ ಆಗುವುದಿಲ್ಲ ಅಲ್ವಾ?

ಉತ್ತರ: ಊರಿನ ಹೆಸರು ಮಾತ್ರ ಬದಲಾಗುತ್ತದೆ, ಒಮ್ಮೆ ಉಡುಪಿ, ಒಮ್ಮೆ ಕಾರ್ಕಳ, ಒಮ್ಮೆ ಪುತ್ತೂರು. ಉಳಿದದ್ದೆಲ್ಲ ಇದೇ ಪ್ರಶ್ನೆ, ಆ ಒಂದು ವಾರದ ರಜೆಯೂ ಸೇರಿ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಹತ್ತಬಹುದು, ಆದರೆ ಆ ಒಂದು ವಾರದಲ್ಲಿ ಅಲ್ಲ. ಎರಡು ವಾರ ರಜೆ ಸಿಗುವುದಿಲ್ಲವಾದರೆ ಈ ವರ್ಷ ಬೇರೆ ಕಡೆ ಹೋಗಿ ಬನ್ನಿ.

ಕುಮಾರ ಪರ್ವತವನ್ನು ಹಗುರ ಮಾಡುವ ಉದ್ದೇಶ ಇಲ್ಲಿಲ್ಲ. ಕುಕ್ಕೆಯಿಂದ ಹೊರಟವರು 1,712 ಮೀಟರಿನ ತುದಿ ಮುಟ್ಟುವಾಗ ಸುಮಾರು 1,600 ಮೀಟರ್ ಏರಿರುತ್ತಾರೆ. ಲಡಾಖ್‌ನ 6,000 ಮೀಟರ್ ದಾಟಿದ ಶಿಖರ ಕಾಂಗ್ ಯಾತ್ಸೆ-2ರಲ್ಲಿ ಬೇಸ್ ಕ್ಯಾಂಪಿನಿಂದ ತುದಿಗೆ ಇರುವುದು ಅದಕ್ಕಿಂತ ಕಡಿಮೆ, ಸುಮಾರು 1,150 ಮೀಟರ್. ಕಾಲಿನ ಲೆಕ್ಕ ಹಿಡಿದರೆ ನಮ್ಮ ಘಟ್ಟ ಯಾವ ಹಿಮಾಲಯಕ್ಕೂ ಸೋಲುವುದಿಲ್ಲ. ಸೆಕೆ, ಜಿಗಣೆ ಬೇರೆ ಉಚಿತ. ತಕರಾರು ಇರುವುದು ನಿಮ್ಮ ಪ್ರಶ್ನೆಯ ಬಾಲದಲ್ಲಿ: "ಇಷ್ಟು ಸ್ಟ್ಯಾಮಿನಾ ಇರುವವರಿಗೆ ಎತ್ತರದ ತೊಂದರೆ ಆಗುವುದಿಲ್ಲ ಅಲ್ವಾ?"

ಆಗುತ್ತದೆ ಮಾರಾಯ್ರೇ. ಎಷ್ಟು ಸಲ ಹೇಳಿದರೂ ಸಾಯದ ನಂಬಿಕೆ ಇದು. ಹಾಗಾಗಿ ಬುಡದಿಂದಲೇ ಬಿಡಿಸೋಣ.

ಗಾಳಿಯಲ್ಲಿ ಆಮ್ಲಜನಕದ ಪಾಲು ಪಣಂಬೂರಿನಲ್ಲೂ ಶೇ. 21, ಎವರೆಸ್ಟ್ ತುದಿಯಲ್ಲೂ ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಕಡಲ ಮಟ್ಟದ ಒತ್ತಡವನ್ನು 100 ಎಂದಿಟ್ಟುಕೊಂಡರೆ ಕುಮಾರ ಪರ್ವತದ ತುದಿಯಲ್ಲಿ ಅದು ಸುಮಾರು 81, ಲೇಹ್‌ನಲ್ಲಿ 65, 5,500 ಮೀಟರಿನಲ್ಲಿ 50, 6,000ದಲ್ಲಿ 47. ಅಂದರೆ ಕುಮಾರ ಪರ್ವತ ನಿಮ್ಮ ಕಾಲನ್ನು ಪರೀಕ್ಷಿಸಿತೇ ಹೊರತು ಎತ್ತರವನ್ನು ತಾಳುವ ಶಕ್ತಿಯನ್ನಲ್ಲ. ಎತ್ತರದ ಕಾಯಿಲೆ, ಚಾರಣಿಗರು ಎಎಂಎಸ್ ಎನ್ನುವುದು, ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರಿನ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ಇಡೀ ರಾಜ್ಯದಲ್ಲಿ ಈ ಪರೀಕ್ಷೆ ಬರೆಯಲು ಕೇಂದ್ರವೇ ಇಲ್ಲ.

ಎತ್ತರಕ್ಕೆ ಹೋದಾಗ ದೇಹ ಮಾಡುವ ಮೊದಲ ಕೆಲಸ ಜೋರಾಗಿ ಉಸಿರಾಡುವುದು. ಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಗೆ ಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳು "ಸಾಕು, ನಿಧಾನ ಮಾಡು" ಎಂದು ಉಸಿರಿಗೆ ತಡೆ ಹಾಕುತ್ತದೆ. ಈ ತಡೆ ತೆಗೆಯುವುದು ಕಿಡ್ನಿಯ ಕೆಲಸ. ಅದು ಬೈಕಾರ್ಬೊನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಸರಿದೂಗಿಸಿದ ಮೇಲೆಯೇ ಉಸಿರು ಬೇಕಾದಷ್ಟು ಏರಲು ಸಾಧ್ಯ. ಇದಕ್ಕೆ ಗಂಟೆಗಳಲ್ಲ, ದಿನಗಳು ಬೇಕು. ಹೊಸ ಕೆಂಪು ರಕ್ತಕಣಗಳ ಲೆಕ್ಕವಂತೂ ವಾರಗಳದ್ದು. ಸ್ಕ್ವಾಟ್ ಹೊಡೆದರೆ ತೊಡೆ ಬಲಿಯುತ್ತದೆ, ಕಿಡ್ನಿಯ ಈ ಕೆಲಸ ಚುರುಕಾಗುವುದಿಲ್ಲ. ಮ್ಯಾರಥಾನ್ ಓಡುವವರ ಕಿಡ್ನಿಯೂ ಸೋಫಾದಲ್ಲಿ ಕೂತವರ ಕಿಡ್ನಿಯೂ ಇಲ್ಲಿ ಒಂದೇ ಗತಿಯ ಗುಮಾಸ್ತರು. ಎತ್ತರಕ್ಕೆ ಯಾರ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಅದನ್ನು ಅಂದಾಜು ಮಾಡಲು ಇರುವ ಒಳ್ಳೆಯ ದಾರಿ ಒಂದೇ, ಹಿಂದೆ ಅದೇ ಎತ್ತರದಲ್ಲಿ ಮಲಗಿದಾಗ ಏನಾಗಿತ್ತು ಎಂಬುದು.

ಹಾಗಿದ್ದರೂ ಗಟ್ಟಿಮುಟ್ಟಾದ ಹುಡುಗರೇ ಹೆಚ್ಚು ಸಿಕ್ಕಿಬೀಳುವುದು ಯಾಕೆ? ಅವರಿಗೆ ವೇಗವಾಗಿ ಏರುವ ತಾಕತ್ತು ಇದೆ, ಅದೇ ಕಾರಣ. ಐದು ಗಂಟೆಯ ದಾರಿಯನ್ನು ಮೂರು ಗಂಟೆಯಲ್ಲಿ ಮುಗಿಸಿ, ಕ್ಯಾಂಪಿನಲ್ಲಿ ಸುಮ್ಮನಿರದೆ ಇನ್ನೊಂದು ಗುಡ್ಡ ಹತ್ತಿ ಬರುತ್ತಾರೆ. ಆಗ ಏನೂ ಆಗಿರುವುದಿಲ್ಲ, ಯಾಕೆಂದರೆ ಎಎಂಎಸ್ ಕಾಣಿಸಿಕೊಳ್ಳುವುದು ಎತ್ತರ ಮುಟ್ಟಿ 6ರಿಂದ 12 ಗಂಟೆಯಾದ ಮೇಲೆ. ರಾತ್ರಿ ತಲೆ ಸಿಡಿಯತೊಡಗಿದಾಗ "ನಿದ್ದೆ ಕೆಟ್ಟಿದೆ", "ಬಿಸಿಲು ತಾಗಿದೆ", "ಗ್ಯಾಸ್ಟ್ರಿಕ್" ಎಂದು ಮೂರು ಸಬೂಬು ತಯಾರಿರುತ್ತವೆ. ಗುಂಪಿನಲ್ಲಿ ತಾನೇ ಫಿಟ್ ಎಂಬ ಹೆಸರಿದ್ದರೆ ಬಾಯಿ ಬಿಡುವುದು ಇನ್ನೂ ಕಷ್ಟ.

ಇದೇ ನಂಬಿಕೆಯ ಇನ್ನೊಂದು ಮುಖವೂ ಇದೆ: "ನಾವು ಕಡಲ ತಡಿಯವರು, ಬೆಂಗಳೂರಿನವರಿಗೆ ನಮಗಿಂತ ಸುಲಭ." ಬೆಂಗಳೂರು ಇರುವುದು 900 ಮೀಟರ್ ಚಿಲ್ಲರೆ ಎತ್ತರದಲ್ಲಿ. ಅದರಿಂದ ಅವರಿಗೆ 5,000 ಮೀಟರಿನಲ್ಲಿ ಹೇಳಿಕೊಳ್ಳುವಂಥ ಲಾಭ ಏನೂ ಇಲ್ಲ. ಇನ್ನು ಕರ್ಪೂರ. ಪೊಟ್ಟಣ ಕಟ್ಟಿ ಮೂಸುತ್ತಾ ಹೋಗುವವರು ಎಲ್ಲ ದಾರಿಯಲ್ಲೂ ಸಿಗುತ್ತಾರೆ. ಅದು ಮೂಗಿನಲ್ಲಿ ತಂಪು ಹುಟ್ಟಿಸುವುದರಿಂದ ಗಾಳಿ ಹೆಚ್ಚು ಬಂದಂತೆ ಅನಿಸುತ್ತದೆ. ರಕ್ತಕ್ಕೆ ಸೇರುವ ಆಮ್ಲಜನಕ ಒಂದಿಷ್ಟೂ ಹೆಚ್ಚುವುದಿಲ್ಲ. ಮಂಗಳಾರತಿಗೆ ಇಟ್ಟುಕೊಳ್ಳಿ.

ಕೆಲಸ ಮಾಡುವ ನಿಯಮ ಬಹಳ ನೀರಸವಾದದ್ದು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಿರಿ. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಎಂಬುದಲ್ಲ, ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಲೆಕ್ಕ. ಬಜ್ಪೆಯಲ್ಲಿ ವಿಮಾನ ಹತ್ತಿ ದೆಹಲಿ ಮೂಲಕ ಮರುದಿನ ಬೆಳಗ್ಗೆ ಲೇಹ್‌ನಲ್ಲಿ ಇಳಿದರೆ ನೀವು ಒಂದೇ ಏಟಿಗೆ 3,500 ಮೀಟರ್ ಏರಿದ್ದೀರಿ. ನಿಯಮ ಅಲ್ಲಿಯೇ ಮುರಿದಿದೆ. ಅದರ ದಂಡವಾಗಿ ಲೇಹ್‌ನಲ್ಲಿ ಕನಿಷ್ಠ ಎರಡು ಪೂರ್ತಿ ದಿನ ಏನೂ ಮಾಡದೆ ಇರಬೇಕು. ಮೊದಲ ದಿನವೇ ಬೈಕ್ ಬಾಡಿಗೆಗೆ ಪಡೆದು 5,000 ಮೀಟರ್ ದಾಟಿದ ಖಾರ್ದುಂಗ್ ಲಾ ಘಾಟಿಗೆ ಹೋಗುವುದು ಏನೂ ಮಾಡದೆ ಇರುವುದಲ್ಲ. ಆ ದಿನಗಳಲ್ಲಿ ಬಿಯರೂ ಬೇಡ, ನಿದ್ದೆ ಮಾತ್ರೆಯೂ ಬೇಡ; ಎರಡೂ ನಿದ್ದೆಯಲ್ಲಿನ ಉಸಿರನ್ನು ಕುಗ್ಗಿಸುತ್ತವೆ.

ಈಗ ನಿಮ್ಮ ರಜೆಯನ್ನು ಲೆಕ್ಕ ಹಾಕಿ. ಲೇಹ್‌ನಲ್ಲಿ ಮೂರು ರಾತ್ರಿ. ಕಾಂಗ್ ಯಾತ್ಸೆಗೆ ಹೋಗುವ ಮರ್ಖಾ ಕಣಿವೆಯಲ್ಲಿ ಹಂತ ಹಂತವಾಗಿ 4,000 ಮೀಟರ್ ದಾಟಲು ಮೂರು ರಾತ್ರಿ. ಅಲ್ಲಿಂದ ಬೇಸ್ ಕ್ಯಾಂಪಿಗೆ ಹತ್ತಿರ ಹತ್ತಿರ ಸಾವಿರ ಮೀಟರ್, ಅದಕ್ಕೆ ಎರಡು ಮೂರು ದಿನ. ಬೇಸ್ ಕ್ಯಾಂಪಿನಲ್ಲಿ ಹಿಮದ ತರಬೇತಿಗೆ ಒಂದು ದಿನ, ಶಿಖರಕ್ಕೆ ಒಂದು, ಹವೆ ಕೈಕೊಟ್ಟರೆ ಎಂದು ಒಂದು, ಇಳಿಯಲು ಎರಡು. ಮಂಗಳೂರಿನಿಂದ ಹೋಗಿ ಬರುವುದೂ ಸೇರಿ ಎರಡು ವಾರ ಮುಗಿಯಿತು. ಆರು ದಿನಕ್ಕೆ ಇಳಿಸಿದ ಪ್ಯಾಕೇಜು ಕಂಡರೆ ಯಾವ ರಾತ್ರಿಗಳನ್ನು ಕತ್ತರಿಸಿದ್ದಾರೆ ಎಂದು ಕೇಳಿ. ದುಬೈ, ಕತಾರ್‌ನಲ್ಲಿರುವ ನಮ್ಮವರು ಕಿಲಿಮಂಜಾರೊ ಬಗ್ಗೆ ಕೇಳುವುದಕ್ಕೂ ಇದೇ ಉತ್ತರ. 5,895 ಮೀಟರಿನ ಬೆಟ್ಟಕ್ಕೆ ಐದು ದಿನದ ಅಗ್ಗದ ಪ್ಯಾಕೇಜಿಗಿಂತ ಏಳೆಂಟು ದಿನದ್ದರಲ್ಲಿ ತುದಿ ಮುಟ್ಟುವ ಸಾಧ್ಯತೆ ಎಷ್ಟೋ ಹೆಚ್ಚು. ಅಂದ ಹಾಗೆ, ಲೇಹ್ ಹತ್ತಿರದ ಸ್ಟೋಕ್ ಕಾಂಗ್ರಿ ಶಿಖರವನ್ನು ಹತ್ತುವವರಿಗೆ 2020ರಲ್ಲೇ ಮುಚ್ಚಲಾಯಿತು. ಹಳೆಯ ವಿಡಿಯೋ ನೋಡಿ ಪ್ಲಾನ್ ಹಾಕಬೇಡಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಅದರ ಲಕ್ಷಣ ಮುಚ್ಚಿಡುತ್ತದೆ ಎಂದು ಹೆದರುವವರಿದ್ದಾರೆ. ಇಲ್ಲ, ಅದು ಮೇಲೆ ಹೇಳಿದ ಕಿಡ್ನಿಯ ಕೆಲಸವನ್ನೇ ಬೇಗ ಮಾಡಿಸುತ್ತದೆ. ಮುನ್ನೆಚ್ಚರಿಕೆಯಾಗಿ ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚು ಬರುತ್ತದೆ, ಸೋಡಾ ಕುಡಿದರೆ ರುಚಿ ಕೆಟ್ಟಂತಾಗುತ್ತದೆ. ಸಲ್ಫಾ ಅಲರ್ಜಿ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಇಲ್ಲದವರೂ ಕೇಳದೆ ನುಂಗುವ ಮಾತ್ರೆ ಇದಲ್ಲ.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ತಲೆ ಸುತ್ತು ಇವುಗಳಲ್ಲಿ ಯಾವುದಿದ್ದರೂ ಎಎಂಎಸ್ ಎಂದೇ ಹಿಡಿದು ಅಲ್ಲೇ ನಿಲ್ಲಿ. ಹೆಚ್ಚಾದರೆ ಇಳಿಯಿರಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದೆ ತೂರಾಡಿದರೆ ಮಿದುಳು ಊದಿಕೊಳ್ಳುತ್ತಿದೆ; ಕುಳಿತಲ್ಲೂ ಏದುಸಿರು, ಕೆಮ್ಮು, ನೊರೆ ಕಫ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡರಲ್ಲೂ ಬೆಳಗಾಗುವವರೆಗೆ ಕಾಯುವಂತಿಲ್ಲ. ಕ್ಷೇಮವಾಗಿ ಇಳಿಸಲು ಸಾಧ್ಯವಿದ್ದರೆ ರಾತ್ರಿಯೇ ಇಳಿಸಬೇಕು, ಆಮ್ಲಜನಕ ಇದ್ದರೆ ಕೊಡುತ್ತಲೇ ಇಳಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಂಬಿ ಕೂರಬೇಡಿ. ಚಳಿಗೆ ಮರಗಟ್ಟಿದ ಬೆರಳಲ್ಲಿ ಅದು ತಪ್ಪು ಅಂಕಿ ತೋರಿಸುತ್ತದೆ, ಮೇಲಾಗಿ 5,000 ಮೀಟರಿನಲ್ಲಿ ಆರೋಗ್ಯವಾಗಿರುವವರಿಗೂ 80ರ ಆಸುಪಾಸು ಬರುವುದುಂಟು.

ಹಿಮದ ಕೌಶಲ ಬೇರೆಯೇ ವಿಷಯ, ಓದಿ ಬರುವುದಲ್ಲ. ಬೂಟಿನಡಿಗೆ ಕ್ರಾಂಪಾನ್ ಎಂಬ ಲೋಹದ ಹಲ್ಲುಗಳ ಪಟ್ಟಿ ಕಟ್ಟಿ ನಡೆಯುವುದು, ಜಾರಿದಾಗ ಐಸ್ ಆಕ್ಸ್ ಊರಿ ನಿಲ್ಲುವುದು, ಹಗ್ಗದಲ್ಲಿ ಒಟ್ಟಿಗೆ ಸಾಗುವುದು, ಇವನ್ನು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, ಮನಾಲಿಯ ಸಂಸ್ಥೆಗಳ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸಿನಲ್ಲಿ ಕಲಿಸುತ್ತಾರೆ. ಅಷ್ಟು ದಿನ ಇಲ್ಲದವರು ಮೊದಲು 4,000-5,000 ಮೀಟರಿನ ಒಂದು ಚಾರಣ, ಆಮೇಲೆ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಶಿಖರದಂಥದ್ದು, ಸುಮಾರು 5,289 ಮೀಟರ್, ಆಮೇಲೆ 6,000 ಎಂಬ ಕ್ರಮ ಹಿಡಿಯಲಿ. ಒಂದು ಎಚ್ಚರಿಕೆ ಮಾತ್ರ: ಇಳಿಯುವಾಗ ಖುಷಿಗೆ ಹಿಮದ ಮೇಲೆ ಕೂತು ಜಾರುವ ಮುಂಚೆ ಕ್ರಾಂಪಾನ್ ಬಿಚ್ಚಿ. ಹಲ್ಲು ಹಿಮಕ್ಕೆ ಸಿಕ್ಕಿದರೆ ಮೊದಲು ಮುರಿಯುವುದು ಪಾದದ ಗಂಟು.

ಊಟದ ಬಗ್ಗೆಯೂ ಒಂದು ಮಾತು, ಕೇಳದಿದ್ದರೂ. 5,000 ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಕುಚ್ಚಲಕ್ಕಿ ಗಂಜಿಯ ಆಸೆಗೆ ಅಕ್ಕಿ ಹೊತ್ತು ಹೋದರೆ ಕುಕ್ಕರ್ ಇಲ್ಲದೆ ಸಂಜೆಯಿಡೀ ಗ್ಯಾಸ್ ಉರಿಸಿದರೂ ಕಾಳು ಕಾಳೇ. ಅವಲಕ್ಕಿ ಒಯ್ಯಿರಿ.

ನಿಜವಾಗಿ ಕರಾವಳಿಯವರು ಕೇಳಬೇಕಾದ, ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ನಮ್ಮ ಹವೆಯಲ್ಲಿ ಶೂ ಏನಾಗುತ್ತದೆ? ಹೆಚ್ಚಿನ ದುಬಾರಿ ಟ್ರೆಕ್ಕಿಂಗ್ ಶೂಗಳಲ್ಲಿ ಅಡಿಯ ರಬ್ಬರಿಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರೆಥೇನ್ ಫೋಮಿನ ಪದರ ಇರುತ್ತದೆ. ಗಾಳಿಯ ತೇವಾಂಶ ಅದರೊಳಗೆ ಸೇರಿ ಫೋಮಿನ ಅಣುಗಳ ಕೊಂಡಿಯನ್ನೇ ಕಡಿಯುತ್ತಾ ಹೋಗುತ್ತದೆ. ಸೆಕೆಯೂ ತೇವವೂ ಒಟ್ಟಿಗೆ ಇದ್ದರೆ ಈ ಕೆಲಸಕ್ಕೆ ವೇಗ ಹೆಚ್ಚು, ಅಂದರೆ ಪತ್ತನಾಜೆಯಿಂದ ಸೋಣದವರೆಗೆ, ಇಡೀ ಮಳೆಗಾಲ, ನಮ್ಮ ಮನೆಯ ಅಟ್ಟ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹಾಕದೆ ಡಬ್ಬಿಯಲ್ಲಿಟ್ಟ ಶೂ ಹೊಸದಾಗಿಯೇ ಉಳಿಯುತ್ತದೆ ಎಂಬುದು ಇಲ್ಲಿ ನಡೆಯುವುದಿಲ್ಲ. ಹೊರಗಿನಿಂದ ನೋಡಿದರೆ ಹೊಳೆಯುತ್ತಿರುತ್ತದೆ, ಎರಡನೇ ದಿನದ ಕ್ಯಾಂಪಿಗೆ ಮುಟ್ಟುವ ಮುಂಚೆ ಸೋಲ್ ಪೂರ್ತಿ ಕಿತ್ತು ಬರುತ್ತದೆ.

ಮಳೆಗಾಲಕ್ಕೆ ಮುಂಚೆ ಶೂ ಒಣಗಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಗಾಳಿಯಾಡುವ ಕಪಾಟಿನಲ್ಲಿಡಿ, ತಿಂಗಳಿಗೊಮ್ಮೆಯಾದರೂ ಹಾಕಿ ನಡೆಯಿರಿ. ಹೊರಡುವ ಮುಂಚೆ ಹಿಮ್ಮಡಿಯ ಪದರವನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಬಿರುಕು ಬಿಟ್ಟರೆ, ಅಂಟು ಅಂಟಾಗಿ ಪುಡಿ ಉದುರಿದರೆ ಅದರ ಕಥೆ ಮುಗಿದಿದೆ. ಪಾಸಾದರೂ ಒಮ್ಮೆ ಗಡಾಯಿಕಲ್ಲಿನ ಮೆಟ್ಟಿಲು ಹತ್ತಿಳಿದು ಖಚಿತ ಮಾಡಿಕೊಳ್ಳಿ. ಲೇಹ್‌ನಲ್ಲಿ, ಮನಾಲಿಯಲ್ಲಿ ಬಾಡಿಗೆಗೆ ಕೊಡುವ ಹಿಮದ ಬೂಟಿಗೂ ಇದೇ ಹೆಬ್ಬೆರಳ ಪರೀಕ್ಷೆ. ರಕ್‌ಸ್ಯಾಕಿನ ಒಳಗಿನ ಲೇಪನ ಅಂಟಂಟಾಗಿ ಸಿಪ್ಪೆ ಏಳುವುದಕ್ಕೂ ಸಾಮಾನ್ಯವಾಗಿ ಕಾರಣ ಇದೇ. ದಾರಿಯಲ್ಲಿ ಸೋಲ್ ಕಿತ್ತರೆ ಫೆವಿಕ್ವಿಕ್ ಹಚ್ಚಿ ಪ್ರಯೋಜನ ಇಲ್ಲ, ಅಂಟು ಹಿಡಿಯಬೇಕಾದ ಫೋಮೇ ಪುಡಿಯಾಗಿರುತ್ತದೆ. ಮೂರು ಮಿಲಿಮೀಟರ್ ದಪ್ಪದ ನೈಲಾನ್ ಹಗ್ಗ ಎರಡು ಮೀಟರ್, ನಾಲ್ಕು ಕೇಬಲ್ ಟೈ ಚೀಲದಲ್ಲಿರಲಿ. ಪಾದದ ಮುಂಭಾಗಕ್ಕೊಂದು, ನಡುವಿಗೊಂದು ಸುತ್ತು ಬಿಗಿದರೆ ರಸ್ತೆ ಸಿಗುವವರೆಗೆ ನಡೆಯಬಹುದು. ಮೇಲಕ್ಕಲ್ಲ, ಕೆಳಕ್ಕೆ.