ಮನೆ ಖರ್ಚು ಇಳಿಸುವಾಗ ಕತ್ತರಿ ಎಲ್ಲಿ ಹಾಕಬೇಕು: ಲೆಕ್ಕದ ಸಮೇತ ಟಿಪ್ಪಣಿ

ಖರ್ಚು ಕಡಿಮೆ ಮಾಡಬೇಕು ಅಂದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಮೊದಲು ಕೈ ಹೋಗುವುದು ಅಡುಗೆಮನೆಗೆ. ಹಾಲು ಅರ್ಧ ಲೀಟರ್ ಕಡಿಮೆ, ಮೊಟ್ಟೆ ಬೇಡ, ಹಣ್ಣು ಹಬ್ಬಕ್ಕೆ ಮಾತ್ರ. ನನ್ನ ಪ್ರಕಾರ ಕತ್ತರಿ ಹಾಕಲೇಬಾರದ ಜಾಗ ಅದು. ಹಾಗೆ ಉಳಿಸಿದ್ದು ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವವರ ತಟ್ಟೆಯಿಂದಲೇ ಹೋಗುತ್ತದೆ. ಇಲ್ಲಿ ಅನಗತ್ಯ ಖರ್ಚು ಅಂದರೆ ಮನೆಯಲ್ಲಿ ಯಾರೂ ಕೂತು ತೀರ್ಮಾನಿಸದೆ ತಾನಾಗಿ ಹೋಗುತ್ತಿರುವ ದುಡ್ಡು ಅಂತ ಇಟ್ಟುಕೊಳ್ಳೋಣ. ಅದನ್ನು ಹುಡುಕಲು ಪಾಸ್‌ಬುಕ್, ಕರೆಂಟ್ ಬಿಲ್, ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಮೂರೂ ಎದುರಿಗಿರಬೇಕು.

ಕರೆಂಟ್ ಬಿಲ್

ಕರ್ನಾಟಕದಲ್ಲಿರುವವರು ಮೊದಲು ಗೃಹಜ್ಯೋತಿಯ ಲೆಕ್ಕ ಸರಿಯಾಗಿ ತಿಳಿದುಕೊಳ್ಳಬೇಕು. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ "200 ಯೂನಿಟ್ ಫ್ರೀ" ಎಂಬ ಮಾತು ಅರ್ಧ ಮಾತ್ರ ನಿಜ. ನಿಮ್ಮ ಮನೆಯ 2022-23ನೇ ಸಾಲಿನ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ಯೂನಿಟ್ ಉಚಿತ. ಸರಾಸರಿ ತೀರಾ ಕಡಿಮೆ ಇದ್ದವರಿಗೆ, ಅಂದರೆ 48 ಯೂನಿಟ್‌ಗಿಂತ ಕೆಳಗಿದ್ದವರಿಗೆ, ಶೇ 10ರ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿ ಆಮೇಲೆ ಬಂತು.

ಉದಾಹರಣೆ ನೋಡಿ. ಸರಾಸರಿ 150 ಇದ್ದ ಮನೆಗೆ 165 ಯೂನಿಟ್ ಉಚಿತ. ಲೆಕ್ಕಕ್ಕೆ ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿಯೋಣ. 180 ಬಳಸಿದರೆ ಮೇಲಿನ 15 ಯೂನಿಟ್‌ಗೆ 90 ರೂಪಾಯಿ. 200 ಬಳಸಿದರೆ 35 ಯೂನಿಟ್‌ಗೆ 210. ಆದರೆ 200ರ ಮಿತಿ ದಾಟಿ 201 ಆದರೆ ಉಚಿತದ ಭಾಗವೇ ಇಲ್ಲ, ಪೂರ್ತಿ 201 ಯೂನಿಟ್‌ಗೆ 1,206 ರೂಪಾಯಿ, ಜೊತೆಗೆ ನಿಗದಿತ ಶುಲ್ಕ ಮತ್ತು ತೆರಿಗೆ. ಒಂದೇ ಯೂನಿಟ್‌ಗೆ ಸಾವಿರದಷ್ಟು ವ್ಯತ್ಯಾಸ! 190ರಿಂದ 210ರ ನಡುವೆ ಓಲಾಡುವ ಮನೆಯವರು ತಿಂಗಳ ಮಧ್ಯೆ ಒಮ್ಮೆ ಮೀಟರ್ ನೋಡಿ, ಅದರಿಂದ ಹಿಂದಿನ ಬಿಲ್‌ನ ರೀಡಿಂಗ್ ಕಳೆದರೆ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ.

ಯೂನಿಟ್ ಲೆಕ್ಕ ಸುಲಭ: ವ್ಯಾಟ್ ಗುಣಿಸು ಗಂಟೆ, ಭಾಗಿಸು 1000. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ದಿನಕ್ಕೆ 10 ಗಂಟೆ ತಿರುಗಿದರೆ 0.75 ಯೂನಿಟ್, ತಿಂಗಳಿಗೆ 22.5. ಕಡಿಮೆ ಕರೆಂಟ್ ಎಳೆಯುವ ಮೋಟರ್‌ನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು, ತಿಂಗಳಿಗೆ 9. ಒಂದು ಫ್ಯಾನಿಗೆ 13.5 ಯೂನಿಟ್ ಉಳಿತಾಯ, 81 ರೂಪಾಯಿ. ಫ್ಯಾನಿಗೆ 2,700 ಕೊಟ್ಟಿದ್ದರೆ ಅದು ಗಿಟ್ಟಲು 33 ತಿಂಗಳು ಬೇಕು. ಹಾಗಂತ ಎಲ್ಲರೂ ಕೊಳ್ಳಬೇಕಿಲ್ಲ. ಈಗಾಗಲೇ ಶೂನ್ಯ ಬಿಲ್ ಬರುವ ಮನೆಗೆ ಹೊಸ ಫ್ಯಾನ್‌ನಿಂದ ದುಡ್ಡು ಉಳಿಯುವುದಿಲ್ಲ, 2,700 ಖರ್ಚಾಗುತ್ತದೆ ಅಷ್ಟೆ. 200ನ್ನು ಸ್ವಲ್ಪದರಲ್ಲೇ ದಾಟುವ ಮನೆಗೆ ಅದೇ ಫ್ಯಾನ್ ಮೂರು ತಿಂಗಳಲ್ಲೇ ಅಸಲು ತೀರಿಸಬಹುದು. ಉಳಿತಾಯದ ಸಲಹೆ ಯಾರೇ ಕೊಡಲಿ, ನಮ್ಮ ಬಿಲ್ ಮೇಲಿಟ್ಟು ನೋಡದೆ ಒಪ್ಪಬೇಡಿ.

ಗೀಸರ್: 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 0.6 ಯೂನಿಟ್ ಬೇಕು. ದಿನಕ್ಕೆ ಎರಡು ಸಲ ಕಾಯಿಸಿದರೆ ತಿಂಗಳಿಗೆ 36. ಸ್ವಿಚ್ ಹಾಕೇ ಇಟ್ಟರೆ ನೀರು ತಣಿದಂತೆಲ್ಲ ಮತ್ತೆ ಕಾಯುತ್ತಿರುತ್ತದೆ, ಅದು ಬೇರೆ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸುವುದಕ್ಕೆ ಖರ್ಚೇ ಇಲ್ಲ.

ಆಟೋಪೇ

ಒಮ್ಮೆ ಒಪ್ಪಿಗೆ ಕೊಟ್ಟ ಮೇಲೆ ಖಾತೆಯಿಂದ ತಾನಾಗಿ ದುಡ್ಡು ಹೋಗುತ್ತಿರುವುದೇ ಆಟೋಪೇ. ಒಂದು ತಿಂಗಳು ಉಚಿತ ಅಂತ ಸೇರಿದ ಓಟಿಟಿ, ಮಕ್ಕಳ ಕಲಿಕೆ ಆಪ್, ಫೋನ್ ಸ್ಟೋರೇಜ್ ಇವೆಲ್ಲ ಇಲ್ಲಿ ಬರುತ್ತವೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಹೀಗೆ ದುಡ್ಡು ಕಡಿತವಾಗುವ 24 ಗಂಟೆ ಮೊದಲು ತಿಳಿಸಬೇಕು. ಆ ಮೆಸೇಜ್ ಬಂದೇ ಬಂದಿರುತ್ತದೆ, ನಾವು ಓದಿರುವುದಿಲ್ಲ. ಯುಪಿಐ ಆಪ್‌ನಲ್ಲಿ ಆಟೋಪೇ ಪಟ್ಟಿ ತೆರೆದು, ಕಳೆದ ತಿಂಗಳು ಮನೆಯಲ್ಲಿ ಯಾರೂ ಬಳಸದ್ದನ್ನು ರದ್ದು ಮಾಡಿ. ಆಪ್ ಡಿಲೀಟ್ ಮಾಡಿದರೆ ಸಾಲದು, ಆಟೋಪೇ ಬೇರೆಯಾಗಿಯೇ ರದ್ದಾಗಬೇಕು.

ದಿನಸಿ

ತಿನ್ನುವುದನ್ನು ಇಳಿಸಬೇಡಿ, ಬೆಲೆ ಹೋಲಿಸುವುದನ್ನು ಕಲಿಯಿರಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ 800 ಗ್ರಾಂ ಪ್ಯಾಕೆಟ್ ಇದ್ದರೆ ನೋಡಲು ಎರಡೂ ಒಂದೇ. 910 ಗ್ರಾಂಗೆ 150, 800 ಗ್ರಾಂಗೆ 138 ಅಂದುಕೊಳ್ಳಿ. ಎರಡನೆಯದು ಅಗ್ಗ ಅನಿಸುತ್ತದೆ. 100 ಗ್ರಾಂಗೆ ಇಳಿಸಿದರೆ ಮೊದಲನೆಯದು 16.48, ಎರಡನೆಯದು 17.25. ಪ್ಯಾಕೆಟ್ ಮೇಲೆ ಎಂಆರ್‌ಪಿ ಹತ್ತಿರ ಗ್ರಾಂಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಅದನ್ನು ಓದಿದರೆ ಮೊಬೈಲ್ ತೆಗೆದು ಲೆಕ್ಕ ಮಾಡುವ ಕೆಲಸವೂ ತಪ್ಪುತ್ತದೆ. ಬಿಪಿ, ಶುಗರ್ ಮಾತ್ರೆ ನಿತ್ಯ ನುಂಗುವವರಿರುವ ಮನೆಯವರು ವೈದ್ಯರನ್ನು ಕೇಳಿ ಜೆನೆರಿಕ್ ಔಷಧಿ ಕಡಿಮೆ ದರಕ್ಕೆ ಮಾರುವ ಜನೌಷಧಿ ಕೇಂದ್ರದ ಬೆಲೆಯನ್ನೂ ನೋಡಿ.

ಕಾರ್ಡ್‌ನ "ಕನಿಷ್ಠ ಮೊತ್ತ"

ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ. ಕ್ರೆಡಿಟ್ ಕಾರ್ಡ್ ಬಾಕಿ 40,000. ಈ ತಿಂಗಳು ಕಟ್ಟಲೇಬೇಕು ಅಂತ ಬಿಲ್‌ನಲ್ಲಿರುವ ಕನಿಷ್ಠ ಮೊತ್ತ ಶೇ 5, ಅಂದರೆ 2,000 ಮಾತ್ರ ಕಟ್ಟಿದ್ದೀರಿ. ಬಡ್ಡಿ ತಿಂಗಳಿಗೆ ಶೇ 3.5 ಆದರೆ 1,400. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 252. ಕಟ್ಟಿದ 2,000ದಲ್ಲಿ 1,652 ಹೀಗೇ ಹೋಯಿತು, ಸಾಲ ಇಳಿದದ್ದು 348 ರೂಪಾಯಿ! ಮನೆಯಲ್ಲಿ ಇಂಥ ಬಾಕಿ ಇದ್ದರೆ ಬೇರೆ ಕಡೆ ಉಳಿಸಿದ ಪ್ರತಿ ರೂಪಾಯಿಯೂ ಮೊದಲು ಇಲ್ಲಿಗೆ ಬರಲಿ, ಆರ್‌ಡಿ (ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿ) ಆಮೇಲೆ.

ಈ ಬಾಕಿ ಹುಟ್ಟುವುದು ಬಹಳ ಸಲ ಶೋಕಿಯಿಂದಲ್ಲ. ಜೂನ್‌ನ ಶಾಲೆ ಫೀಸು, ಗಾಡಿ ಇನ್ಶೂರೆನ್ಸ್, ಗೌರಿ-ಗಣೇಶ, ದೀಪಾವಳಿ, ನೆಂಟರ ಮದುವೆ. ಎಲ್ಲವೂ ಬರುತ್ತವೆ ಅಂತ ವರ್ಷದ ಮೊದಲೇ ಗೊತ್ತು, ಆದರೂ ತಿಂಗಳ ಬಜೆಟ್‌ನಲ್ಲಿ ಇವಕ್ಕೆ ಸಾಲೇ ಇರುವುದಿಲ್ಲ. ಇವನ್ನೆಲ್ಲ ಕೂಡಿಸಿದರೆ 60,000 ಬಂತು ಅನ್ನಿ. 12ರಿಂದ ಭಾಗಿಸಿ, ತಿಂಗಳಿಗೆ 5,000. ಅದನ್ನು ಸಂಬಳ ಬಂದ ದಿನವೇ ಎಟಿಎಂ ಕಾರ್ಡ್ ಇಲ್ಲದ, ಯುಪಿಐಗೆ ಜೋಡಿಸದ ಬೇರೆ ಖಾತೆಗೆ ಹಾಕಿ. ಮೊದಲ ವರ್ಷ ಪೂರ್ತಿ 5,000 ಆಗದಿದ್ದರೆ ಫೀಸಿನ ಪಾಲನ್ನಾದರೂ ಹಾಕಿ.