ಶಾಲೆಯ ಖರ್ಚು ಮನೆ ತೆರಿಗೆಯಿಂದ ಬಂದರೆ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡಿಗರು ಅಡುಗೆಮನೆ ನೋಡುವ ಮೊದಲೇ 'ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು?' ಎಂದು ಕೇಳುತ್ತಾರೆ. ತನ್ನದೇ ಬೋರ್ಡ್ ಇಟ್ಟುಕೊಂಡು, ತನ್ನ ಗಡಿಯೊಳಗಿನ ಮನೆ-ಆಸ್ತಿಗಳ ತೆರಿಗೆಯನ್ನೂ ನೆಚ್ಚಿ ಸರ್ಕಾರಿ ಶಾಲೆ ನಡೆಸುವ ಪ್ರದೇಶವೇ ಸ್ಕೂಲ್ ಡಿಸ್ಟ್ರಿಕ್ಟ್. ಶಾಲೆಗೂ ವಿಳಾಸಕ್ಕೂ ಇಷ್ಟು ಗಟ್ಟಿ ನಂಟು ಬಿದ್ದಿರುವುದಕ್ಕೆ ಹಳೆಯ ಕಾರಣವಿದೆ. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು ಕಾನೂನು ಮಾಡಿತು: 50 ಮನೆಗಳಿರುವ ಊರು ಓದು-ಬರಹ ಕಲಿಸುವ ಮೇಷ್ಟ್ರನ್ನು ಇಟ್ಟುಕೊಳ್ಳಬೇಕು, 100 ಮನೆಗಳಾದರೆ ಉನ್ನತ ಓದಿಗೆ ಸಿದ್ಧಮಾಡುವ ಗ್ರಾಮರ್ ಶಾಲೆ ತೆರೆಯಬೇಕು. ಆಜ್ಞೆ ಮೇಲಿನಿಂದ ಬಂತು, ಖರ್ಚು ಊರಿನ ತಲೆಗೆ. ಅಲ್ಲಿಂದ ಇಲ್ಲಿಯವರೆಗೂ ಜಗಳ ಅದೇ.

1837ರಲ್ಲಿ ಅದೇ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾದ ಹೊರೇಸ್ ಮ್ಯಾನ್ ಅವರ ವಾದ ನೇರವಾಗಿತ್ತು: ಒಂದು ಪೀಳಿಗೆಯ ಆಸ್ತಿಯ ಮೇಲೆ ಮುಂದಿನ ಪೀಳಿಗೆಯ ಮಕ್ಕಳಿಗೆ ಹಕ್ಕಿದೆ, ಆದ್ದರಿಂದ ಮಕ್ಕಳಿಲ್ಲದವನೂ ಶಾಲೆಗೆ ತೆರಿಗೆ ಕಟ್ಟಬೇಕು. ವಾದ ಗೆದ್ದಿತು. ಆದರೆ ಆ ಆಸ್ತಿ ಊರಿನದೋ ಇಡೀ ರಾಜ್ಯದ್ದೋ ಎಂಬುದು ಇತ್ಯರ್ಥವಾಗಲೇ ಇಲ್ಲ.

ಇತ್ಯರ್ಥವಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ನಗರದ 1967–68ರ ಲೆಕ್ಕ ನೋಡಬೇಕು. ಎಜ್‌ವುಡ್ ಡಿಸ್ಟ್ರಿಕ್ಟ್‌ನಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಬಡವರು. ಅಲ್ಲಿ ತೆರಿಗೆಗೆ ಒಳಪಟ್ಟ ಒಟ್ಟು ಆಸ್ತಿಯ ಮೌಲ್ಯವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಮಗುವಿನ ಪಾಲಿಗೆ 5,960 ಡಾಲರ್. ಅದೇ ನಗರದ ಆಲಮೋ ಹೈಟ್ಸ್‌ನಲ್ಲಿ 49,000ಕ್ಕೂ ಹೆಚ್ಚು. ಬಡವರು ನೂರು ಡಾಲರ್ ಆಸ್ತಿಗೆ 1.05 ಡಾಲರ್ ಕಟ್ಟಿದರು, ಸಿರಿವಂತರು 85 ಸೆಂಟ್. ರಾಜ್ಯದ ನಿಧಿಗೆ ಸಲ್ಲಬೇಕಾದ ಪಾಲು ಕಳೆದ ಮೇಲೆ ಎಜ್‌ವುಡ್‌ಗೆ ಉಳಿದದ್ದು ಮಗುವಿಗೆ 26 ಡಾಲರ್, ಆಲಮೋ ಹೈಟ್ಸ್‌ಗೆ 333. ಅಂದರೆ ಹೆಚ್ಚು ದರದಲ್ಲಿ ತೆರಿಗೆ ಕಟ್ಟಿದವರ ಕೈಗೆ ಬಂದದ್ದು ಸುಮಾರು ಹದಿಮೂರನೇ ಒಂದು ಪಾಲು. ಮಕ್ಕಳ ಓದಿನ ಬಗ್ಗೆ ಬಡವರಿಗೆ ಆಸಕ್ತಿಯಿಲ್ಲ ಎನ್ನುವವರ ಮುಂದೆ ಇಡಬೇಕಾದ ಲೆಕ್ಕ ಇದು.

ಎಜ್‌ವುಡ್‌ನ ಪೋಷಕ ಡೆಮೆಟ್ರಿಯೋ ರೋಡ್ರಿಗೆಜ್ ಮತ್ತಿತರರು ಹೂಡಿದ ದಾವೆ 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5–4ರಿಂದ ಬಿದ್ದುಹೋಯಿತು. ಶಿಕ್ಷಣ ಸಂವಿಧಾನದತ್ತ ಮೂಲಭೂತ ಹಕ್ಕಲ್ಲ, ಸ್ಥಳೀಯ ನಿಯಂತ್ರಣಕ್ಕೆ ಬೆಲೆಯಿದೆ ಎಂದು ಬಹುಮತದ ತೀರ್ಪು ಬರೆದವರು ಲೂಯಿಸ್ ಪಾವೆಲ್. ಹಿಂದೆ ರಿಚ್‌ಮಂಡ್ ನಗರದ ಸ್ಕೂಲ್ ಬೋರ್ಡ್ ಅಧ್ಯಕ್ಷರಾಗಿದ್ದವರು. ಭಿನ್ನಮತ ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ದುಡ್ಡೇ ಇಲ್ಲದ ಬೋರ್ಡಿಗೆ ಯಾವ ನಿಯಂತ್ರಣ ಎಂಬ ಅವರ ಆಕ್ಷೇಪವೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಆಮೇಲೆ ಜಗಳ ರಾಜ್ಯಗಳ ಕೋರ್ಟುಗಳಿಗೆ ಇಳಿಯಿತು, ಸೂತ್ರಗಳ ರೂಪ ಪಡೆಯಿತು. ಇಂದು ಬಹಳಷ್ಟು ರಾಜ್ಯಗಳಲ್ಲಿ ನಡೆಯುವ 'ಫೌಂಡೇಶನ್' ಸೂತ್ರ ಹೀಗಿದೆ. ಮಗುವಿಗೆ 10,000 ಡಾಲರ್ ಬೇಕು, ನೂರಕ್ಕೆ 80 ಸೆಂಟ್ ತೆರಿಗೆ ಹಾಕಲೇಬೇಕು ಎಂದು ರಾಜ್ಯ ಗೊತ್ತುಮಾಡಿತು ಅನ್ನಿ. ಮಗುವಿಗೆ 5 ಲಕ್ಷ ಡಾಲರ್ ಆಸ್ತಿಯಿರುವ ಡಿಸ್ಟ್ರಿಕ್ಟ್‌ಗೆ 4,000 ಹುಟ್ಟುತ್ತದೆ, ಉಳಿದ 6,000 ರಾಜ್ಯ ತುಂಬುತ್ತದೆ. 15 ಲಕ್ಷ ಆಸ್ತಿಯಿದ್ದರೆ 12,000 ಹುಟ್ಟುತ್ತದೆ. ಈ ಮಿಕ್ಕ 2,000 ಯಾರದು? ಮ್ಯಾನ್ ಕಾಲದಿಂದ ಉಳಿದುಬಂದ ಪ್ರಶ್ನೆ ಈಗ ಈ ಅಂಕಿಯಲ್ಲಿ ಕೂತಿದೆ.

ಟೆಕ್ಸಸ್ ಅದನ್ನು ಕಿತ್ತುಕೊಳ್ಳುತ್ತದೆ. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಜ್‌ವುಡ್ ಪರ ತೀರ್ಪು ಕೊಟ್ಟಿತು; 1993ರಲ್ಲಿ ಸಿರಿವಂತ ಡಿಸ್ಟ್ರಿಕ್ಟ್‌ಗಳ ಮಿಕ್ಕ ಹಣವನ್ನು ಬಡ ಡಿಸ್ಟ್ರಿಕ್ಟ್‌ಗಳಿಗೆ ಹಂಚುವ, 'ರಾಬಿನ್ ಹುಡ್' ಎಂದು ಜನ ಕರೆಯುವ ಕಾನೂನು ಬಂತು. ತೊಡಕೇನೆಂದರೆ ಸೂತ್ರ ನೋಡುವುದು ಆಸ್ತಿಯ ಬೆಲೆಯನ್ನು, ಮನೆಯೊಳಗಿನ ಆದಾಯವನ್ನಲ್ಲ. ಆಸ್ಟಿನ್‌ನಲ್ಲಿ ನಿವೇಶನಗಳ ಬೆಲೆ ಗಗನಕ್ಕೇರಿದ ಮೇಲೆ, ಸುಮಾರು ಅರ್ಧದಷ್ಟು ಮಕ್ಕಳು ಬಡ ಮನೆಗಳವರಾಗಿದ್ದರೂ, ಆ ಡಿಸ್ಟ್ರಿಕ್ಟ್ ಹಲವು ವರ್ಷ ರಾಜ್ಯದಲ್ಲೇ ಅತಿ ಹೆಚ್ಚು ಹಣ ಬಿಟ್ಟುಕೊಡಬೇಕಾಯಿತು. ಮನೆಯವರ ತೆರಿಗೆ ಏರಿತು, ಅಷ್ಟೂ ಅವರ ಶಾಲೆಗೆ ದಕ್ಕಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಗೆ. 1978ರ 'ಪ್ರೊಪೊಸಿಷನ್ 13' ಆಸ್ತಿ ತೆರಿಗೆಯ ಮೂಲ ದರವನ್ನು ಶೇ. 1ಕ್ಕೆ ಕಟ್ಟಿಹಾಕಿತು; ಮನೆ ಮಾರಾಟವಾಗುವವರೆಗೆ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಅದಕ್ಕೇ ಮೊನ್ನೆ ಮನೆ ಕೊಂಡ ಎಂಜಿನಿಯರ್ ಕಟ್ಟುವ ತೆರಿಗೆ, ನಲವತ್ತು ವರ್ಷದಿಂದ ಪಕ್ಕದಲ್ಲಿರುವವರು ಕಟ್ಟುವುದರ ಹಲವು ಪಟ್ಟು. ಶಾಲೆಗಳ ಹಣದ ಹಿಡಿತ ಬಹುಮಟ್ಟಿಗೆ ರಾಜ್ಯದ ಕೈಗೆ ಹೋಯಿತು. ಆದರೂ ಪಾಲೊ ಆಲ್ಟೊದಂಥ ದುಬಾರಿ ಊರುಗಳಲ್ಲಿ ಸ್ಥಳೀಯ ತೆರಿಗೆಯೇ ರಾಜ್ಯ ಗೊತ್ತುಮಾಡಿದ ಮೊತ್ತವನ್ನು ದಾಟುತ್ತದೆ, ಮಿಕ್ಕದ್ದು ಅಲ್ಲೇ ಉಳಿಯುತ್ತದೆ. ಇವಕ್ಕೆ 'ಬೇಸಿಕ್ ಏಡ್' ಡಿಸ್ಟ್ರಿಕ್ಟ್ ಎನ್ನುತ್ತಾರೆ. ಉಳಿದ ಡಿಸ್ಟ್ರಿಕ್ಟ್‌ಗಳಲ್ಲಿ ಮಗು ಶಾಲೆ ಬಿಟ್ಟರೆ ಅದರ ಲೆಕ್ಕದ ಹಣವೂ ಕ್ರಮೇಣ ಹೋಗುತ್ತದೆ. ಇಲ್ಲಿ ಹಾಗಲ್ಲ: ತೆರಿಗೆ ಅಷ್ಟೇ ಇರುತ್ತದೆ, ಮಕ್ಕಳು ಕಡಿಮೆಯಾದಷ್ಟೂ ತಲೆಗೆ ಬರುವ ಹಣ ಹೆಚ್ಚು. ಗಡಿಯಾಚೆ ಇದ್ದುಕೊಂಡು ಒಳಗಿನ ವಿಳಾಸ ಕೊಟ್ಟು ಮಗುವನ್ನು ಸೇರಿಸಲು ಹೋದವರನ್ನು ಅಲ್ಲಿನ ಕಚೇರಿ ವಾಸದ ದಾಖಲೆ ಅಷ್ಟು ಕಟ್ಟುನಿಟ್ಟಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.